ಸೋರೋ ಕನ್ನಡಿ

"ಕೈ ಮೇಲೆತ್ತು, ಮುದುಕಿ!"

ಎತ್ತಿದೆ. ನೆಲ ಒರೆಸೋ ಮಾಪೂ ಜೊತೆಗೇ ಮೇಲೆ ಹೋಯಿತು.

ಎದುರಿಗೆ ನಮ್ಮ ಫ್ಯಾಕ್ಟರಿಯ ಸ್ಟೋರ್‌ಕೀಪರ್. ಬೆರಳು ಲೇಸರ್ ಯಂತ್ರದ ಗುಂಡಿ ಮೇಲೆ. ಯಂತ್ರದ ಮೂತಿ ನನ್ನ ಹೊಟ್ಟೆಗೆ ನೇರ. ನಮ್ಮೆಜಮಾನ್ರು, ಪುಣ್ಯಾತ್ಮ, ಬದುಕಿದ್ದಾಗಲೂ ನನ್ನನ್ನು ಇಷ್ಟು ದಿಟ್ಟಿಸಿ ನೋಡಿರಲಿಲ್ಲ!

ಉಕ್ಕಿಗೆ ತೂತು ಕೊರೆಯೋ ಯಂತ್ರ ಕಣಪ್ಪಾ ಅದು! ಹೊಡೆದರೆ ನಾನು, ನನ್ನ ಹಿಂದಿನ ಗೋಡೆ, ಗೋಡೆಯಾಚೆಯ ಬೆಟ್ಟ... ಎಲ್ಲ ತೂತು!

"ಕಡ್ಡಿ ಎಲ್ಲಿ?"

ಈ ಲೇಸರಿಗೇ ಅಂತ ಸ್ಪೇರ್ ಇಟ್ಟಿದ್ದ ಮಾಣಿಕ್ಯದ ಕಡ್ಡಿ. ಕದ್ದವನು ಇವನು. ಕಳ್ಳನ ಪಟ್ಟ ಮಾತ್ರ ಈ ಯಂತ್ರ ನಡೆಸುವ ನನ್ನ ಅಳಿಯನಿಗೆ. ಹತ್ತು ಗಂಟೆಗೆ ಮ್ಯಾನೇಜರ್ ಬಂದು ಅವನನ್ನು ಕೆಲಸದಿಂದ ಕಿತ್ತುಹಾಕುವವರಿದ್ದರು. ಬೆಳಿಗ್ಗೆ ಸ್ಟೋರು ಗುಡಿಸುವಾಗ ಇವನ ಹಳೇ ಬೂಟಿನೊಳಗೆ ಕೆಂಪಗೆ ಹೊಳೆಯಿತು. ಎತ್ತಿ ನನ್ನ ಬಕೆಟ್ಟಿನ ಕೊಳೆನೀರಿಗೆ ಹಾಕಿದೆ. ಅಲ್ಲಿಗೆ ಯಾವ ಗಂಡಸೂ ಕೈ ಹಾಕಲ್ಲ.

ಹತ್ತಕ್ಕೆ ಇನ್ನೂ ಐದು ನಿಮಿಷ...

"ಸಾಯೋ ಮುಂಚೆ ಒಂದ್ಮಾತು ಹೇಳಪ್ಪಾ. ಇದು ಹೆಂಗೆ ಸುಡತ್ತೆ?"

ಅವನಿಗೆ ಜಂಬ ಉಕ್ಕಿತು.

"ದೀಪ ಫಳ್ ಅನ್ನತ್ತೆ. ಕಡ್ಡಿಯೊಳಗಿನ ಪರಮಾಣುಗಳು ಬೆಳಕು ಕುಡಿದು ಅಟ್ಟ ಹತ್ತಿ ಕೂರ್ತವೆ. ಒಂದು ಇಳಿದು ಬೆಳಕು ಬಿಡ್ತು ಅನ್ನು, ಅದು ತಾಗಿ ಮಿಕ್ಕವೂ ಇಳೀತವೆ. ಎಲ್ಲ ಒಂದೇ ದಿಕ್ಕು, ಒಂದೇ ಹೆಜ್ಜೆ!"

"ನಮ್ಮ ಬೀಗತಿ ಮನೆಯೋರ ಥರ! ಒಬ್ಳು ಅತ್ರೆ ನಾನೂರು ಜನ ಅದೇ ರಾಗ."

"ಬಾಯ್ಮುಚ್ಚು! ಎರಡೂ ತುದಿಗೆ ಕನ್ನಡಿ. ನಡುವೆ ಓಡಾಡಿ ಓಡಾಡಿ ಬೆಳಕು ಕೊಬ್ಬತ್ತೆ."

"ಮುಂದಿನ ಕನ್ನಡಿ ಚೂರು ಸೋರ್ತಿತ್ತಲ್ಲಾ?"

"ಸವೆದುಹೋಗಿತ್ತು! ನಿನ್ನ ಅಳಿಯ, ದಂಡಪಿಂಡ, ನೋಡೇ ಇಲ್ಲ. ನಾನೇ ಕಿತ್ತೆಸೆದು ಗಟ್ಟಿದು ಹಾಕಿದೀನಿ. ಈಗ ಒಂದು ಹನಿ ಬೆಳಕೂ ಸೋರಲ್ಲ. ಡಬಲ್ ಪವರ್!"

ಅಯ್ಯೋ ಶಿವನೇ! ಆ ಸೋರಿಕೆಯೇ ಬೆಳಕು ಹೊರಬರೋ ಬಾಗಿಲು. ಇವನು ಮನೆ ಕಟ್ಟಿ ಬಾಗಿಲಿಗೆ ಗೋಡೆ ಎಬ್ಬಿಸಿದ್ದ!

"ಒತ್ತಪ್ಪಾ," ಅಂದೆ.

ಒತ್ತಿದ. ಫಳ್!

ನನ್ನ ಸೀರೆಯ ಒಂದು ನೂಲೂ ಬಿಸಿಯಾಗಲಿಲ್ಲ.

ಮತ್ತೆ ಒತ್ತಿದ. ಫಳ್!

"ಇನ್ನೊಂದ್ಸಲ ಒತ್ತು. ಫೋಟೋ ಚೆನ್ನಾಗಿ ಬರ್ಲಿ!"

ಮಾಪು ಅವನ ನೆತ್ತಿಗೆ ಇಳಿಯಿತು. ಓಡಿದ. ಬೆನ್ನಟ್ಟಿದೆ. ಮೇಜಿನ ಸುತ್ತ ಮೂರು ಸುತ್ತು... ಮೂವತ್ತೇ ಅನ್ನು! ನಾನು ಒರೆಸಿದ್ದ ಒದ್ದೆ ನೆಲ. ಜಾರಿ ದೊಪ್ಪನೆ ಬಿದ್ದ, ಬಾಗಿಲು ತೆರೆದ ಮ್ಯಾನೇಜರ ಕಾಲಬುಡಕ್ಕೇ! ಹಿಂದೆ ನನ್ನ ಅಳಿಯ.

ಬಕೆಟ್ ಮಗುಚಿದೆ. ಕಡ್ಡಿ ಉರುಳಿ ಬಂತು. "ನನ್ನ ಬೂಟಲ್ಲಿಟ್ಟಿದ್ದನ್ನ ಈ ಮುದುಕಿ ಕದ್ಲು!" ಅಂತ ಬಿದ್ದಲ್ಲಿಂದಲೇ ಅರಚಿ ಅವನೇ ಸಿಕ್ಕಿಬಿದ್ದ. ಅಳಿಯನ ಕೆಲಸ ಉಳಿಯಿತು.

"ಅತ್ತೇ... ಊಟ ಮಾಡ್ವಾಗ ನಾನು ಹೇಳ್ತಿದ್ದ ಲೇಸರ್ ಪಾಠ ಎಲ್ಲಾ ಕೇಳಿಸ್ಕೊಳ್ತಿದ್ರಾ?" ಅವನ ಕಣ್ಣಲ್ಲಿ ನೀರು.

"ಹೂಂ ಕಣಪ್ಪಾ. ಹನ್ನೆರಡು ವರ್ಷದಲ್ಲಿ ನೀನಾಡಿದ್ರಲ್ಲಿ ಅದೊಂದೇ ಕೆಲಸಕ್ಕೆ ಬಂದಿದ್ದು."