ಕೊನೆಯ ಮೂರು ಫ್ರೇಮು

“ನೀವು ಹೇಳೋ ಡೆವಲಪರ್ ದ್ರಾವಣದಲ್ಲಿ ಈ ಫಿಲ್ಮ್ ತೊಳೆಯಲ್ಲ. ಬೇಕಿದ್ರೆ ಬೇರೆ ಸ್ಟುಡಿಯೋ ನೋಡ್ಕೊಳ್ಳಿ.”

ಅವಳ ಮಾತಿಗೆ ಕೌಂಟರಿನ ಆಚೆ ನಿಂತಿದ್ದವನು ತಬ್ಬಿಬ್ಬಾದ. ಕೈಯಲ್ಲಿದ್ದ ರೀಲನ್ನು ಕೊಡಲೋ ಬೇಡವೋ ಎಂಬಂತೆ ಹಿಡಿದೇ ಇದ್ದ.

“ಅದರಲ್ಲಿ ನುಣುಪಾಗಿ ಬರುತ್ತೆ ಅಂತ ಎಲ್ರೂ ಹೇಳ್ತಾರಲ್ಲ…”

“ಬರುತ್ತೆ, ಬಿಸಿಲಲ್ಲಿ ತೆಗೆದಿದ್ರೆ. ನೀವು ತೆಗೆದಿರೋದು ನಾಟಕದ ಮಂದ ಬೆಳಕಲ್ಲಿ. ಆ ಡೆವಲಪರ್ ಫೋಟೋ ಮೇಲಿನ ಕಾಳು ಕಾಳು ಚುಕ್ಕೆ ಕರಗಿಸೋ ಭರದಲ್ಲಿ ನೆರಳಲ್ಲಿರೋ ಮುಖಾನೂ ನುಂಗಿಬಿಡುತ್ತೆ. ಇದಕ್ಕೆ ಬೇರೆಯದು ಹಾಕ್ತೀನಿ. ಸ್ವಲ್ಪ ಕಾಳು ಕಾಣುತ್ತೆ. ಕಾಣ್ಲಿ ಬಿಡಿ… ಮನುಷ್ಯರೂ ಕಾಣ್ತಾರೆ.”

ಅವನು ನಕ್ಕುಬಿಟ್ಟ. “ಆಯ್ತು ಡಾಕ್ಟ್ರೇ. ರೋಗಿ ನಿಮ್ಮ ಕೈಯಲ್ಲಿ.”

ಡಾಕ್ಟ್ರೇ! ಅವಳಿಗೆ ಸಿಟ್ಟು ಬರಬೇಕಿತ್ತು. ಯಾಕೋ ಬರಲಿಲ್ಲ.

“ಇನ್ನೊಂದು ಮಾತು,” ಎಂದಳು, ದನಿಯನ್ನು ಬೇಕೆಂದೇ ಬಿಗಿ ಮಾಡಿಕೊಂಡು. “ಮುಂದಿನ ಸಲದಿಂದ ರೀಲಿನ ಕೊನೆಗೆ ಮೂರು ಫ್ರೇಮು ನನಗೆ ಬಿಡಿ. ಅದೇ ಬೆಳಕಲ್ಲಿ ಏನಾದ್ರೂ ತೆಗೀರಿ. ಆ ತುಂಡನ್ನ ಕತ್ತರಿಸಿ ಮೊದಲು ತೊಳೆದು ನೋಡ್ತೀನಿ. ಉಳಿದಿದ್ದಕ್ಕೆ ಎಷ್ಟು ಹೊತ್ತು ಬೇಕು ಅಂತ ಗೊತ್ತಾಗುತ್ತೆ.”

“ಏನಾದ್ರೂನಾ?”

“ಏನಾದ್ರೂ.”

ಅವನು ಹೋದ ಮೇಲೆ, ಫೋಟೋಗೆ ಚೌಕಟ್ಟು ಬಿಗಿಯುತ್ತಿದ್ದ ಚಿಕ್ಕಮ್ಮ ತಲೆಯೆತ್ತದೆಯೇ ಕೇಳಿದಳು, “ಗಿರಾಕಿಯನ್ನ ಓಡಿಸ್ತಿದ್ಯೋ, ಕಟ್ಟಿಹಾಕ್ತಿದ್ಯೋ?”

ಸ್ಟುಡಿಯೋ ಚಿಕ್ಕಮ್ಮನದು. ಹಿಂದಿನ ಕತ್ತಲೆ ಕೋಣೆ ಮಾತ್ರ ಇವಳ ರಾಜ್ಯ. ಯಾವ ಫಿಲ್ಮಿಗೆ ಯಾವ ಡೆವಲಪರ್ ಹೊಂದುತ್ತದೆ, ಯಾವುದು ಯಾವುದರ ಜೊತೆ ಎಣ್ಣೆ-ಸೀಗೆಕಾಯಿ ಎಂದು ಹೇಳುವುದರಲ್ಲಿ ಅವಳದು ಎತ್ತಿದ ಕೈ.

ಅವನು ವಾರ ವಾರವೂ ಬರತೊಡಗಿದ. ನಾಟಕ ತಂಡವೊಂದಕ್ಕೆ ಫೋಟೋ ತೆಗೆಯುವ ಕೆಲಸ ಅವನದು. ಅವನ ಸ್ಕೂಟರ್ ಬೀದಿಯ ತಿರುವಿನಲ್ಲಿ ಕೆಮ್ಮಿದರೆ ಸಾಕು, ಇವಳ ಕೈಯಲ್ಲಿದ್ದ ಅಳತೆ ಲೋಟ ಅಲುಗುತ್ತಿತ್ತು. ಒಂದು ದಿನ ತಡವಾದರೆ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಒರೆಸಿದ ಕೌಂಟರನ್ನೇ ಮತ್ತೆ ಒರೆಸುವಳು.

ಬಂದವನು ರೀಲು ಕೊಟ್ಟು, ಹಿಂದಿನದನ್ನು ತೆಗೆದುಕೊಂಡು, ತಪ್ಪದೆ ಒಂದೇ ಪ್ರಶ್ನೆ ಕೇಳುತ್ತಿದ್ದ.

“ಕೊನೇ ತುಂಡು ನೋಡಿದ್ರಾ ಡಾಕ್ಟ್ರೇ?”

“ನೋಡ್ದೆ.”

“ಮತ್ತೆ?”

“ಸ್ವಲ್ಪ ತೆಳುವಾಗಿತ್ತು, ಕಪ್ಪು ಸಾಲ್ದು. ಉಳಿದಿದ್ದನ್ನ ಇನ್ನೊಂದು ನಿಮಿಷ ಜಾಸ್ತಿ ಇಟ್ಟೆ. ಸರಿಹೋಯ್ತು.”

“ಅಷ್ಟೇನಾ?”

“ಇನ್ನೇನು?”

ಅವನ ಮುಖ ಸಣ್ಣದಾಗುತ್ತಿತ್ತು. ಮಾತು ಕಡಿಮೆಯಾಯಿತು. ಆಮೇಲಾಮೇಲೆ ‘ಡಾಕ್ಟ್ರೇ’ ಹೋಗಿ ‘ಮೇಡಂ’ ಬಂತು.

‘ನಾನೇನು ಮಾಡ್ದೆ? ಕೆಲಸದಲ್ಲಿ ತಪ್ಪಿದೆಯಾ? ಇದ್ರೆ ಹೇಳ್ಬಾರ್ದಾ…’ ಅವಳು ಕತ್ತಲೆ ಕೋಣೆಯಲ್ಲಿ ಒಬ್ಬಳೇ ನಿಂತು ತಲೆ ಕೆಡಿಸಿಕೊಂಡಳು.

ಆ ಮಧ್ಯಾಹ್ನ ಅವನು ರೀಲನ್ನು ಕೌಂಟರಿನ ಮೇಲಿಟ್ಟು, ಅವಳ ಕಡೆ ನೋಡದೆ ಹೇಳಿದ.

“ಇವತ್ತು ಸಂಜೆ ಇಲ್ಲಿ ಕೊನೇ ಪ್ರದರ್ಶನ. ನಾಳೆ ತಂಡದ ಜೊತೆ ಹೊರಡ್ತೀನಿ. ಇದನ್ನ ಅಂಚೆಯಲ್ಲಿ ಕಳಿಸಿದ್ರೆ ಸಾಕು, ಮೇಡಂ.”

ಅವಳು ರೀಲನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. ಬಾಯಿಗೆ ಬಂದದ್ದು ಮಾತ್ರ, “ವಿಳಾಸ ಬರೆದಿಡಿ.”

ಅವನು ಬರೆದಿಟ್ಟು ಹೋದ. ಸ್ಕೂಟರಿನ ಸದ್ದು ದೂರವಾಯಿತು.

ಕಣ್ಣು ಒರೆಸಿಕೊಂಡು ಅವಳು ಕತ್ತಲೆ ಕೋಣೆ ಸೇರಿದಳು. ಕೆಲಸ ಕೆಲಸವೇ. ಕೊನೆಯ ತುಂಡನ್ನು ಕತ್ತರಿಸಿ, ತೊಳೆದು, ದೀಪಕ್ಕೆ ಹಿಡಿದರೆ… ಗಾಜಿನಂತೆ ಖಾಲಿ. ಅವನು ಏನೂ ತೆಗೆದಿರಲಿಲ್ಲ.

ಈಗ ಹೊತ್ತು ಅಳೆಯುವುದು ಹೇಗೆ? ನಾಟಕ ನಡೆಯುವ ಅದೇ ರಂಗಮಂದಿರದಲ್ಲಿ ಅವನು ತೆಗೆದ ಹಳೆಯ ತುಂಡು ಸಿಕ್ಕರೆ ಅಂದಾಜಾಗುತ್ತದೆ. ಅವಳು ಪರೀಕ್ಷೆಯ ತುಂಡುಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ತುಂಬಿಡುತ್ತಿದ್ದಳು. ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. ರಂಗಮಂದಿರದ್ದು ಯಾವುದೆಂದು ಹುಡುಕಬೇಕಾದರೆ ಚಿತ್ರ ನೋಡಲೇಬೇಕು. ಅವಳು ಇಷ್ಟು ದಿನ ಮಾಡದೇ ಇದ್ದದ್ದೇ ಅದು. ತುಂಡನ್ನು ದೀಪಕ್ಕೆ ಹಿಡಿದು ಕಪ್ಪೆಷ್ಟು, ಬಿಳುಪೆಷ್ಟು ಎಂದು ನೋಡಿ ಡಬ್ಬಿಗೆ ಎಸೆಯುವುದು ಅವಳ ರೂಢಿ. ಅದರಲ್ಲಿ ಏನಿದೆ ಎಂದು ನೋಡಿದವರು ಯಾರು?

ಭೂತಗನ್ನಡಿ ಇಟ್ಟಳು. ಒಂದು ಕುರ್ಚಿ.

ಇನ್ನೊಂದು ತುಂಡು. ಅದೇ ಕುರ್ಚಿ. ರಂಗದ ಪಕ್ಕದಲ್ಲಿ, ಮೊದಲ ಸಾಲಿನ ತುದಿಯಲ್ಲಿ, ಖಾಲಿ. ಅದರ ಮೇಲೊಂದು ಹಾಳೆ. ನೆಗೆಟಿವ್‌ನಲ್ಲಿ ಹಾಳೆ ಕಪ್ಪಾಗಿ, ಅಕ್ಷರ ಬೆಳ್ಳಗೆ ಕಾಣುತ್ತಿತ್ತು.

‘ಡಾಕ್ಟ್ರಿಗೆ ಮೀಸಲು.’

ಮತ್ತೊಂದು ವಾರದ್ದು: ‘ಡಾಕ್ಟ್ರೇ, ಇವತ್ತೂ ಕಾದೆ.’ ಮತ್ತೊಂದರಲ್ಲಿ ಹಾಳೆಯೂ ಇಲ್ಲ, ಬರೀ ಕುರ್ಚಿ.

ಹಾಳೆಯಿದ್ದ ತುಂಡನ್ನೇ ಮತ್ತೆ ನೋಡಿದಳು. ‘ನೋಡಿದ್ರಾ ಅಂತ ಕೇಳ್ತಿದ್ದ… ನೋಡ್ದೆ ಅಂತಿದ್ದೆ… ನೋಡಿಯೂ ಬರ್ಲಿಲ್ಲ ಅಂದ್ಕೊಂಡ!’

“ಚಿಕ್ಕಮ್ಮಾ,” ಎಂದು ಕೂಗಿದಳು, “ನಾನು ಕಣ್ಣಿದ್ದೂ ಕುರುಡಿ.”

ಚಿಕ್ಕಮ್ಮ ಬಂದು ಭೂತಗನ್ನಡಿಗೆ ಕಣ್ಣಿಟ್ಟಳು. “ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಅಲೆದ ಹಾಗಾಯ್ತಲ್ಲೇ. ಊರಿನ ಫಿಲ್ಮಿಗೆಲ್ಲ ಸಂಬಂಧ ಕುದುರಿಸ್ತೀಯ, ನಿನ್ನದು ಬಂದಾಗ ಡಬ್ಬಿಗೆ ಹಾಕ್ತೀಯ. ಇನ್ನೂ ಯಾಕೆ ನಿಂತಿದೀಯ?”

ಅವಳು ಕೈಗವಸು ಬಿಚ್ಚಿದ್ದೂ ಬೀದಿಯಲ್ಲೇ.

ರಂಗಮಂದಿರ ಮುಟ್ಟುವ ಹೊತ್ತಿಗೆ ಕೊನೆಯ ದೃಶ್ಯ ನಡೆಯುತ್ತಿತ್ತು. ಗೋಡೆ ತಡವಿಕೊಂಡು ಮುಂದಕ್ಕೆ ಹೋದಳು. ಅವನು ಕ್ಯಾಮೆರಾಗೆ ಕಣ್ಣಿಟ್ಟು ಕೂತಿದ್ದ. ಪಕ್ಕದ ಕುರ್ಚಿಯ ಮೇಲೆ ಅವನ ಚೀಲವಿತ್ತು. ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಅವನು ತಿರುಗಿದ. ಕ್ಯಾಮೆರಾ ನಿಧಾನವಾಗಿ ಕೆಳಗಿಳಿಯಿತು.

ಚಪ್ಪಾಳೆ ಮುಗಿದು ಜನ ಎದ್ದರು.

“ಈ ಕುರ್ಚಿ ಯಾರಿಗಾದ್ರೂ ಮೀಸಲಾ?” ಕೊನೆಗೆ ಅವಳೇ ಕೇಳಿದಳು.

“ಇತ್ತು. ಅವರು ಬರ್ಲಿಲ್ಲ.”

“ಅವರು ನೋಡಿರ್ಲಿಲ್ಲ… ತೆಳುವೋ ದಪ್ಪವೋ ಅಂತ ನೋಡಿದ್ದು ಬಿಟ್ರೆ, ಚಿತ್ರ ನೋಡಿದ್ದು ಇವತ್ತೇ. ಡಬ್ಬಿ ಸುರಿದು.” ಕಣ್ಣೀರು ಚೀಲದ ಮೇಲೆ ಬಿತ್ತು. “ನೀವು ಬರೋ ದಿನ ನನಗೆ ಕೌಂಟರ್ ಒರೆಸಿದ್ದೇ ಒರೆಸಿದ್ದು. ನನಗೆ ನೀವಂದ್ರೆ ಇಷ್ಟ. ಇದನ್ನ ಹೇಳೋಕೆ ಓಡಿಬಂದೆ. ಹೇಳಾಯ್ತು.”

ಅವನು ಅವಳ ಕಡೆ ತಿರುಗಿ ಕೂತ. “ಬರೀ ಕಪ್ಪು-ಬಿಳುಪು ನೋಡಿದ್ರಾ? ಅಷ್ಟೂ ವಾರ?”

“ಅಷ್ಟೂ ವಾರ.”

ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವನ ಕಣ್ಣೂ ತುಂಬಿತು.

“ನಾಳೆ ಹೋಗ್ತೀರಾ?”

“ಹೋಗ್ಬೇಕು, ಮಾತು ಕೊಟ್ಟಿದೀನಿ. ಆದ್ರೆ ರೀಲು ತೊಳೆಸೋಕೆ ಇಲ್ಲಿಗೇ ಬರ್ತೀನಿ.”

“ಅಂಚೆಯಲ್ಲಿ ಅಂದ್ರಿ?”

“ಅಂಚೆಯಲ್ಲಿ ರೀಲು ಹೋಗುತ್ತೆ ಡಾಕ್ಟ್ರೇ. ನಾನು ಹೋಗೋಕಾಗುತ್ತಾ?”

ಎಷ್ಟು ದಿನಗಳ ಮೇಲೆ ಕೇಳಿದಳು ಆ ಹೆಸರನ್ನು!

“ಅಭ್ಯಾಸಬಲ, ಇವತ್ತೂ ಮೂರು ಫ್ರೇಮು ಉಳಿಸ್ಕೊಂಡಿದೀನಿ,” ಎಂದ ಅವನು. “ಏನು ತೆಗೀಲಿ?”

“ಏನಾದ್ರೂ.”

ಅವನು ಕ್ಯಾಮೆರಾವನ್ನು ಅವಳ ಕಡೆ ತಿರುಗಿಸಿದ. ಕೆಂಪಾದ ಮೂಗು, ಕೆದರಿದ ಕೂದಲು, ತೊಡೆಯ ಮೇಲೆ ಅವನ ಚೀಲ.

“ಇದನ್ನೂ ಕತ್ತರಿಸ್ತೀರಾ?”

“ಇಲ್ಲ. ಈ ರೀಲನ್ನ ಇಡಿಯಾಗೇ ತೊಳೀತೀನಿ.”

“ಪರೀಕ್ಷೆ ಮಾಡ್ದೇನೇ? ಹಾಳಾದ್ರೆ?”

“ಆಗಲ್ಲ,” ಎಂದಳು ಅವಳು. “ತೆಗೀರಿ.”