ಲಿಂಗಯ್ಯ ಬಡಿದ ಗಾರ್ಡು

೧೯೩೬ರ ಬೇಸಿಗೆ. ಹಲಗೂರಿನಾಚೆ, ಕಾವೇರಿ ಕಡೆಯ ಕಾಡಿನೊಳಗಿನ ಹನ್ನೆರಡು ಮನೆಯ ದೊಡ್ಡಿಗೆ ವಾಂತಿಭೇದಿ ಹೊಕ್ಕಿತ್ತು. ಚಿಕ್ಕಮಾದು ಹಲಗೂರಿನ ತನಕ ಓಡಿ, ಮೊದಲ ಬಸ್ಸು ಹಿಡಿದು, ಮಳವಳ್ಳಿಯಲ್ಲಿ ಡಾಕ್ಟರ್ ಸಂಪತ್ ಕುಮಾರರ ಮುಂದೆ ನಿಂತ. ತಂಗಿ ಹೊಂಬಾಳಮ್ಮ ರಾತ್ರಿಯಿಂದ ನೆಲ ಹಿಡಿದಿದ್ದಳು. ಮೈಯ ನೀರೆಲ್ಲ ಇಳಿದುಹೋಗುವ ಮೊದಲು ನರಕ್ಕೆ ಉಪ್ಪುನೀರು ಹತ್ತಿಸಬೇಕು, ಮಧ್ಯಾಹ್ನ ಮೀರಿದರೆ ಕಷ್ಟ ಎಂದರು ಡಾಕ್ಟರು. ಎರಡು ದೊಡ್ಡ ಗಾಜಿನ ಬಾಟಲಿಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಅವನ ಮಡಿಲಿಗಿಟ್ಟು, ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟರು.

ಆ ಗಾಡಿಗೆ ಹೊಸದಾಗಿ ಕಾಲು ಕಾಯುವ ಕಬ್ಬಿಣದ ಗಾರ್ಡು ಬಂದಿತ್ತು. ಹಿಂದಿನ ತಿಂಗಳು ಡಾಕ್ಟರು ಸೋಮನಹಳ್ಳಿ ಹತ್ತಿರ ಜಾರಿಬಿದ್ದು ಮಂಡಿ ಕಿತ್ತುಕೊಂಡಾಗ, ಕಾಲಿಗೆ ಅಡ್ಡ ಏನಾದರೂ ಹಾಕಿಸುವ ತನಕ ಗಾಡಿ ಗೇಟು ದಾಟಕೂಡದೆಂದು ಹೆಂಡತಿ ಗೋದಮ್ಮ ಹಟ ಹಿಡಿದರು. ಕಾಂಪೌಂಡರ್ ಶ್ಯಾಮಣ್ಣನ ಲೆಕ್ಕದಲ್ಲಿ ಅದು ದಂಡದ ಭಾರ. ಮದ್ದೂರಿನ ಕಮ್ಮಾರ ಲಿಂಗಯ್ಯ ಎತ್ತಿನಗಾಡಿ ಚಕ್ರದ ಪಟ್ಟೆಯನ್ನೇ ಬಗ್ಗಿಸಿ, ಎರಡೂ ಕಡೆ ಚಾಚಿಕೊಳ್ಳುವಂತೆ ಕೂರಿಸಿದ್ದ. ಒಂದು ನಟ್ಟೂ ಇಲ್ಲ, ಎಲ್ಲ ಕಾಯಿಸಿ ಹೊಡೆದ ರಿವೆಟ್ಟು. ಗಾಡಿಗೆ ಹೊಡೆದ ಕಬ್ಬಿಣವನ್ನು ಯಾರಾದರೂ ಬಿಚ್ಚುತ್ತಾರೆಯೇ ಎಂಬುದು ಅವನ ನ್ಯಾಯ.

ಹಲಗೂರು ದಾಟಿ ಕಾಡು ಹೊಕ್ಕಮೇಲೆ ರಸ್ತೆ ಎಂಬುದು ಹೆಸರಿಗಷ್ಟೇ. ಬಿದಿರು ಕೂಡ ಒಣಗಿ ನಿಂತ ಕಾಡು, ಎಲೆಯುದುರಿದ ಮರಗಳು, ಕಾದ ಬಂಡೆಗಳು, ನಡುವೆ ಮೊಣಕಾಲಾಳಕ್ಕೆ ಕೊರೆದ ಎತ್ತಿನಗಾಡಿಯ ಎರಡು ಜಾಡು. ಜಾಡಿಗಿಳಿದರೆ ಗಾರ್ಡಿನ ಎರಡು ತುದಿಯೂ ಮಣ್ಣು ಕೆರೆಯುತ್ತಿತ್ತು.

“ಬುದ್ದಿ, ಜಾಡು ಬುಟ್ಟು ದಿಬ್ಬದ ಮ್ಯಾಲೆ ಓಡ್ಸಿ. ಈ ಕೊಂಬು ತಗುಲ್ತದೆ,” ಎಂದ ಚಿಕ್ಕಮಾದು.

ಹಾಗೇ ಓಡಿಸಿದರು. ದೊಡ್ಡಿ ಇನ್ನು ಒಂದೇ ಮೈಲಿ. ಒಣಹಳ್ಳದ ಇಳಿಜಾರು ಬಂತು.

ಗಾರ್ಡು ಒಂದು ಬೇರಿಗೆ ಸಿಕ್ಕಿತು.

ಗಾಡಿ ಗಿರಕಿ ಹೊಡೆದು ಎಡಕ್ಕೆ ಮಗುಚಿತು. ಚಿಕ್ಕಮಾದು ಬಾಟಲಿಗಳನ್ನು ಎದೆಗವುಚಿಕೊಂಡೇ ಅಂಗಾತ ಬಿದ್ದ. ಒಂದು ಒಡೆಯಿತು.

ಡಾಕ್ಟರ ಎಡಗಾಲು ಗಾಡಿಯಡಿ ಸೇರಿತ್ತು. ಗಾರ್ಡು ಎಂಜಿನನ್ನು ಒಂದು ಗೇಣು ಮೇಲೆ ಎತ್ತಿ ಹಿಡಿದಿದ್ದರಿಂದ ಮೂಳೆ ಪುಡಿಯಾಗಿರಲಿಲ್ಲ. ಆದರೆ ಅದೇ ಗಾರ್ಡು ಬಂಡೆಗೆ ಒತ್ತಿ ಕಾಲನ್ನು ಕಚ್ಚಿಕೊಂಡಿತ್ತು. ಪೆಟ್ರೋಲಿನ ನಲ್ಲಿ ತಿರುಗಿಸೆಂದು ಕೂಗಿದರು. ತಿರುಗಿಸಿದ. ಹೆಗಲು ಕೊಟ್ಟು ನೂಕಿದ, ಬಿದಿರು ಕೊಟ್ಟು ಮೀಟಿದ, ಬಿದಿರು ಸೀಳಿತು. ಅಲುಗಲಿಲ್ಲ.

ದೊಡ್ಡಿಯಲ್ಲಿ ಎದ್ದು ಓಡಾಡುವವರು ಚಿಕ್ಕಮಾದುವಿನ ಅಪ್ಪ ಮಾದಯ್ಯ ಮತ್ತು ಇನ್ನೊಬ್ಬರೋ ಇಬ್ಬರೋ. ಅವರು ಬಂದು ಬಿಡಿಸುವಷ್ಟರಲ್ಲಿ ಹೊತ್ತು ಮೀರುತ್ತದೆ. ಬಾಟಲಿ ಅವನ ಕೈಲಿ ಕಳಿಸಿದರೆ ಸೂಜಿ ಚುಚ್ಚುವವರಿಲ್ಲ. ಕಲಿತ ವಿದ್ಯೆಯೆಲ್ಲ ಇಟ್ಟುಕೊಂಡು ಒಂದು ಮೈಲಿಯಾಚೆ ಸಾಯುತ್ತಿರುವವಳಿಗೆ ಕೈ ಚಾಚಲಾರದೆ ಡಾಕ್ಟರಿಗೆ ಅಳು ಬಂತು.

ಚಿಕ್ಕಮಾದು ಬಾಟಲಿಯನ್ನು ಅವರ ಪಕ್ಕ ನೆರಳಿನಲ್ಲಿಟ್ಟ. “ಅವಳ್ನೇ ಇಲ್ಲಿಗೆ ಒತ್ಕೊಂಡು ಬತ್ತೀನಿ. ನೀವೆಲ್ಲೂ ಓಗ್ಬ್ಯಾಡಿ ಬುದ್ದಿ.”

ಹೋಗುವ ಕಾಲೇ ಕಬ್ಬಿಣದಡಿ ಇತ್ತು. ಡಾಕ್ಟರು ಬಿಸಿಲು ನೋಡುತ್ತ ಬಿದ್ದಿದ್ದರು. ನೋವಿಗಿಂತ ಆ ಕಾಯುವಿಕೆ ಕೆಟ್ಟದ್ದು. ನೆರಳು ಒಂದು ಮಾರು ಸರಿಯಿತು. ಅವಳು ದಾರಿಯಲ್ಲೇ ಪ್ರಾಣ ಬಿಟ್ಟಿರಬೇಕೆಂದು ಅವರಿಗೆ ಖಾತ್ರಿಯಾಗತೊಡಗಿತು.

ಕಂಬಳಿಯ ಜೋಲಿಯಲ್ಲಿ ಅವಳನ್ನು ಹೊತ್ತು ಅಣ್ಣ ಅಪ್ಪ ಇಬ್ಬರೂ ಬಂದರು. ಕಣ್ಣು ಗುಳಿಬಿದ್ದಿತ್ತು, ನಾಡಿ ಬೆರಳಿಗೆ ಸಿಗಲಿಲ್ಲ. ಡಾಕ್ಟರು ಅವಳನ್ನು ತಮ್ಮ ಎದೆಗೆ ತಾಗುವಂತೆ ಮಲಗಿಸಿಕೊಂಡು, ಮೇಲಕ್ಕೆ ಎದ್ದು ನಿಂತಿದ್ದ ಬಲಗಡೆಯ ಗಾರ್ಡಿಗೆ ಬಾಟಲಿ ಕಟ್ಟಿಸಿದರು. ಮಲಗಿದಲ್ಲೇ ಚುಚ್ಚಿದರು. ನರ ಸಿಗಲಿಲ್ಲ. ಮತ್ತೆ ಚುಚ್ಚಿದರು. ಮೂರನೇ ಸಲ ಸೂಜಿಯಲ್ಲಿ ರಕ್ತ ಕಾಣಿಸಿತು.

ಬಾಟಲಿ ಖಾಲಿಯಾಗುವಾಗ ನಾಡಿ ನೂಲಿನಷ್ಟು ಸಿಕ್ಕಿತು. ಕುದಿಸಿದ ಗಂಜಿನೀರಿಗೆ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸಲು ಹೇಳಿದರು.

“ಉಳ್ಕೋತಾಳಾ ಬುದ್ದಿ?” ಮಾದಯ್ಯ ಕೇಳಿದ.

“ಮೂತ್ರ ಹೋದರೆ ಉಳಿದ ಹಾಗೆ ಕಣಯ್ಯ. ಅಲ್ಲಿ ತನಕ ನಾನೇನೂ ಹೇಳಲಾರೆ.”

ಮಾದಯ್ಯ ಹೇಳಿಬಂದಿದ್ದ ಎತ್ತಿನಗಾಡಿ ದೊಡ್ಡಿಯಿಂದ ಬಂತು. ಅದರ ನೊಗ ಕಟ್ಟುವ ಮೂಕಿಮರ ಕೊಟ್ಟು ಮೀಟಿ ಡಾಕ್ಟರ ಕಾಲು ಬಿಡಿಸಿದರು. ಊದಿ ಕುಂಬಳಕಾಯಿಯಾಗಿತ್ತು, ಮುರಿದಿರಲಿಲ್ಲ. ಗಾರ್ಡು ಇರದಿದ್ದರೆ ಬೀಳುತ್ತಲೇ ಇರಲಿಲ್ಲ, ಬಿದ್ದ ಮೇಲೆ ಅದಿಲ್ಲದಿದ್ದರೆ ಕಾಲು ಇರುತ್ತಿರಲಿಲ್ಲ. ಶ್ಯಾಮಣ್ಣನಿಗೂ ಗೋದಮ್ಮನಿಗೂ ಒಟ್ಟಿಗೆ ಒಪ್ಪುವಂತೆ, ಇನ್ನೊಂದು ಮಾಡಿಸುವುದು, ಆದರೆ ನಾಲ್ಕು ಬೆರಳು ಕಿರಿದಾಗಿ, ನಟ್ಟು ಹಾಕಿಸಿ ಎಂದು ತೀರ್ಮಾನಿಸಿಕೊಂಡರು. ಮೋಟಾರ್ ಸೈಕಲ್ಲು ಹಳ್ಳದಲ್ಲೇ ಉಳಿಯಿತು.

ಹಲಗೂರಿನತ್ತ ಹೊರಟ ಗಾಡಿಯ ಹುಲ್ಲಿನ ಮೇಲೆ ರೋಗಿ, ಡಾಕ್ಟರು ಅಕ್ಕಪಕ್ಕ. ಪ್ರತಿ ಕುಲುಕಿಗೂ ಇಬ್ಬರೂ ನರಳುತ್ತಿದ್ದರು. ಚಿಕ್ಕಮಾದು ದೊಡ್ಡಿಯಿಂದ ಕಾಯಿಸಿ ತಂದು ಕುಡಿಸಿದ ಗಂಜಿನೀರೆಲ್ಲ ಮುಗಿದಿತ್ತು. ಡಾಕ್ಟರು ಅವಳ ಮಣಿಕಟ್ಟು ಬಿಡಲಿಲ್ಲ.

ಹೊತ್ತು ಮುಳುಗುವಾಗ ಹಲಗೂರಿನ ತೋಪು ಕಂಡಿತು. ಆಗ ಅವಳ ಕಡೆಯಿಂದ ಡಾಕ್ಟರ ಸೊಂಟದ ಕೆಳಗಿನ ಹುಲ್ಲು ಬೆಚ್ಚಗಾಯಿತು. ಅವರ ಪಂಚೆ ನೆನೆಯಿತು. ಮೈಲಿಗೆಯ ನೀರು ಸೋಕಿದರೆ ತಲೆಗೆ ಸ್ನಾನ ಮಾಡುವ ಮನೆಯವರು ಅವರು.

ಸರಿದು ಮಲಗಲಿಲ್ಲ.

“ಚಿಕ್ಕಮಾದು,” ಎಂದರು, “ನಿನ್ನ ತಂಗಿ ಉಳಿದಳು ಕಣಯ್ಯ.”