ಎಸ್‌ಎಸ್‌ಡಿ ಕಳುವಾದ ಬೆಳಗ್ಗೆ

ಗುಂಡಿ ಒತ್ತಿದ ಕೂಡಲೇ ಅಕ್ಕನಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಕಂಪ್ಯೂಟರ್ ಗೊರಗೊರ ಎಂದಿತು. ಪರದೆ ಕಪ್ಪಾಗಿಯೇ ಉಳಿಯಿತು. ಹೋದ ವಾರ ಹಳೇ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುತ್ತಿದ್ದ ಯಂತ್ರ, ಈಗ ಮತ್ತೆ ಆಮೆ. ಕೊನೆಗೂ ತೆರೆದಾಗ, ವಾರವಿಡೀ ಕೂತು ಬರೆದ ಹೆರಿಗೆ ಆಸ್ಪತ್ರೆಯ ನಕ್ಷೆ ಅದರಲ್ಲಿರಲಿಲ್ಲ. ಸಂಜೆಯೊಳಗೆ ಕಳಿಸದಿದ್ದರೆ ಆ ಕೆಲಸ ಬೇರೆಯವರ ಪಾಲು.

ಅವಳು ತಂಗಿಯನ್ನು ಕೂಗಿದಳು. ತಂಗಿ ಪೊಲೀಸ್ ಇನ್ಸ್‌ಪೆಕ್ಟರ್, ರಜೆಗೆ ಬಂದವಳು. ರಜೆ ಅವಳಿಗಿತ್ತೇ ಹೊರತು ಅವಳ ಕಣ್ಣಿಗಿರಲಿಲ್ಲ.

ಇನ್ಸ್‌ಪೆಕ್ಟರ್ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದಳು. ಎಸ್‌ಎಸ್‌ಡಿ ಮಾಯ. ಬೀರುವಿನ ಮೇಲೆ ಬಿದ್ದಿದ್ದ ಹಳೇ ಹಾರ್ಡ್ ಡಿಸ್ಕ್ ಅದರ ಜಾಗದಲ್ಲಿ ಕೂತಿತ್ತು.

“ಅದನ್ನ ಹಾಕಿಕೊಟ್ಟ ಆ ಮೆಕ್ಯಾನಿಕ್‌ದೇ ಕೆಲಸ! ನಿನ್ನೆ ಕೇಬಲ್ ನೋಡ್ತೀನಿ ಅಂತ ಬಂದಿದ್ದ. ಹೋಗಿ ಅವನ ಮಾನ ಹರಾಜು ಹಾಕ್ತೀನಿ.”

“ತಡಿ ಅಕ್ಕ. ಭಾವ ಎಲ್ಲಿ?”

“ಮುಂದಿನ ಕೋಣೇಲಿ ಗಡಿಯಾರ ರಿಪೇರಿ ಮಾಡ್ತಿದಾರೆ. ಅವರಿಗೆ ಇದರ ತಲೆಬುಡ ಗೊತ್ತಿಲ್ಲ ಬಿಡು.”

*

ಅಂಗಡಿಯಲ್ಲಿ ಮೆಕ್ಯಾನಿಕ್‌ನ ಮುಖ ಸಪ್ಪಗಾಯಿತು. “ನಾನ್ಯಾಕೆ ಕದೀಲಿ ಮೇಡಂ? ಜನ ನಂಬಿದ್ರೇನೇ ನನ್ನ ಹೊಟ್ಟೆಪಾಡು.”

“ಎಸ್‌ಎಸ್‌ಡಿಗೆ ಎಷ್ಟು ಸ್ಕ್ರೂ ಹಾಕಿದ್ರಿ?” ಎಂದಳು ಇನ್ಸ್‌ಪೆಕ್ಟರ್.

ಅವನು ತಲೆ ಕೆರೆದುಕೊಂಡ. “ನಿಜ ಹೇಳ್ತೀನಿ, ಎರಡೇ. ನಾಲ್ಕೂ ಯಾರು ಹಾಕ್ತಾರೆ?”

“ಒಳಗಿನ ಧೂಳು ತೆಗೆದ್ರಾ?”

“ಅದಕ್ಕೆ ಬೇರೆ ಚಾರ್ಜು.”

ಇನ್ಸ್‌ಪೆಕ್ಟರ್ ನಕ್ಕಳು. ಅಕ್ಕನಿಗೆ ನಗು ಬರಲಿಲ್ಲ.

*

ಭಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು.

“ಭಾವ, ಆ ಬ್ರಷ್ ಕೊಡಿ. ಕಂಪ್ಯೂಟರ್ ಫ್ಯಾನ್ ಗುಡಿಸಿದ್ರಲ್ಲ, ಅದೇ.”

ಅವರು ಮೇಜಿನ ಖಾನೆ ಎಳೆದರು. ಗಡಿಯಾರ ಒರೆಸುವ ಮೆತ್ತನೆಯ ಬಟ್ಟೆಯಲ್ಲಿ ಎಸ್‌ಎಸ್‌ಡಿ ಜೋಪಾನವಾಗಿ ಮಲಗಿತ್ತು.

“ಕಳ್ಳ ಆಗಿದ್ರೆ ಹಳೇದನ್ನ ವಾಪಸ್ ಜೋಡಿಸ್ತಿರಲಿಲ್ಲ ಅಕ್ಕ,” ಎಂದಳು ತಂಗಿ. “ಈ ಹಳೇ ಡಿಸ್ಕಿಗೆ ನಾಲ್ಕೂ ಸ್ಕ್ರೂ ಬಿಗಿಯಾಗಿದ್ವು. ಫ್ಯಾನಿನ ಮೇಲೆ ಚೂರೂ ಧೂಳಿಲ್ಲ. ಬಿಚ್ಚಿದ್ದನ್ನ ಗುಡಿಸದೆ ಮುಚ್ಚೋಕೆ ಈ ಮನೇಲಿ ಯಾರಿಗೆ ಆಗಲ್ಲ, ಹೇಳು?”

ಅಕ್ಕನ ಕಣ್ಣು ತುಂಬಿತು. “ಯಾಕ್ರೀ? ನನ್ನ ನಕ್ಷೆ ಅದರಲ್ಲಿತ್ತು!”

“ಅದರಲ್ಲಿರುತ್ತೆ ಅಂತ ಗೊತ್ತಿರಲಿಲ್ಲ ಕಣೇ. ಇದು ಬರೀ ಓಡಿಸೋ ಸ್ಪ್ರಿಂಗ್ ಅಂದ್ಕೊಂಡೆ. ಸ್ಪ್ರಿಂಗ್ ಬದಲಾಯಿಸಿದ್ರೆ ಮಿಕ್ಕಿದ್ದೆಲ್ಲ ಹಾಗೇ ಇರುತ್ತಲ್ಲ.” ಅವರು ಭೂತಗನ್ನಡಿ ತೆಗೆದಿಟ್ಟರು. “ಮೊದಲು ಕಂಪ್ಯೂಟರ್ ಏಳೋವರೆಗೆ ನೀನು ನನ್ನ ಪಕ್ಕ ಬಂದು ಕೂರ್ತಿದ್ದೆ. ಟೀ ಕುಡೀತಾ ರಾತ್ರಿ ಬಿದ್ದ ಕನಸು ಹೇಳ್ತಿದ್ದೆ. ಈ ವಾರ ನಿನ್ನದೊಂದು ಕನಸೂ ಕೇಳಲಿಲ್ಲ.”

ಅಕ್ಕನಿಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

“ಮೊದಲು ಆ ಮೆಕ್ಯಾನಿಕ್ ಹತ್ರ ನಡೀರಿ,” ಎಂದಳು. “ಇಬ್ಬರೂ ತಪ್ಪಾಯ್ತು ಅನ್ನೋಣ.”

ಮೆಕ್ಯಾನಿಕ್ ಬಂದು ಎಸ್‌ಎಸ್‌ಡಿ ಜೋಡಿಸಿದ. ಭಾವ ಪಕ್ಕದಲ್ಲೇ ನಿಂತು ನಾಲ್ಕೂ ಸ್ಕ್ರೂ ಹಾಕಿಸಿದರು. ನಕ್ಷೆ ಸಂಜೆಯೊಳಗೆ ಹೋಯಿತು.

*

ಮರುದಿನ ಬೆಳಗ್ಗೆ ಅಕ್ಕ ಗುಂಡಿ ಒತ್ತಿದಳು. ಪರದೆ ತಟ್ಟನೆ ಬೆಳಗಿತು. ಅದನ್ನು ಹಾಗೇ ಬಿಟ್ಟು ಎರಡು ಲೋಟ ಟೀ ಹಿಡಿದು ಮುಂದಿನ ಕೋಣೆಗೆ ಹೋದಳು.

“ಕಂಪ್ಯೂಟರ್ ಎದ್ದಿಲ್ವಾ?” ಎಂದರು ಭಾವ, ಗಾಬರಿಯಿಂದ.

“ಎದ್ದಿದೆ. ಇಷ್ಟು ವರ್ಷ ನಾನು ಅದಕ್ಕೆ ಕಾದಿಲ್ವಾ? ಈಗ ಅದು ಕಾಯಲಿ.” ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. “ರಾತ್ರಿ ಏನು ಕನಸು ಗೊತ್ತಾ? ನಿಮ್ಮನ್ನ ಪೊಲೀಸರು ಹಿಡ್ಕೊಂಡು ಹೋಗ್ತಿದ್ರು. ನಾನೂ ಬರ್ತೀನಿ ಅಂತ ಜೀಪ್ ಹತ್ತಿಬಿಟ್ಟೆ.”